ಹೂಮಳೆಗೆ ಮುಂಚೆ ಕಾಫಿ ತೋಟದಲ್ಲಿ ಲೋರಾ ಮಳೆಮಾಪಕ: ಯಾವ ಭಾಗ ತಗೋಬೇಕು, ಎಲ್ಲಿ ಕೈಕೊಡುತ್ತೆ?

ಮೂಡಿಗೆರೆ_ಮಳೆಲೆಕ್ಕ
ನಿಸಾರ್ ಉಪಗ್ರಹದಿಂದ ಮಣ್ಣಿನ ತೇವಾಂಶದ ನಕ್ಷೆ ಬರುತ್ತೆ ಅನ್ನೋ ಸುದ್ದಿ ಎಲ್ಲ ಕಡೆ ಓಡಾಡ್ತಿದೆ. 2025ರ ಜುಲೈ 30ರಂದು ಜಿಎಸ್‌ಎಲ್‌ವಿ-ಎಫ್16ರಲ್ಲಿ ಹೋಗಿದ್ದು. ಎಲ್ ಬ್ಯಾಂಡ್ ರೇಡಾರ್ ನಾಸಾದ್ದು, ಎಸ್ ಬ್ಯಾಂಡ್ ನಮ್ಮ ಇಸ್ರೋದ್ದು, ಮೇಲೆ 12 ಮೀಟರ್ ಅಗಲದ ಜಾಲರಿ ಆಂಟೆನಾ. ನಿಜಕ್ಕೂ ದೊಡ್ಡ ಕೆಲಸ. ಆದ್ರೆ ನಮಗೆ ಬೇಕಾಗಿರೋ ಲೆಕ್ಕ ಬೇರೆ. ಒಂದೇ ತೋಟದಲ್ಲಿ ಮೇಲಿನ ತಾಕಿಗೆ 80 ಸೆಂಟ್ ಬಿದ್ದಿರುತ್ತೆ, ಹಳ್ಳದ ಬದಿಗೆ 30 ಸೆಂಟ್. ರೋಬಸ್ಟಾ ಕಾಫಿ ಹೂ ಬಿಡೋಕೆ ಈ ಹೂಮಳೆ ಸುಮಾರು ಒಂದು ಇಂಚು ಬೇಕು. ಮೇಲಿನ ತಾಕಿಗೆ ಸ್ವಲ್ಪ ಸ್ಪ್ರಿಂಕ್ಲರ್ ಕೊಟ್ರೆ ಸಾಕು, ಕೆಳಗಿನದಕ್ಕೆ ಪೂರ್ತಿ ಕೊಡ್ಬೇಕು. ಇದನ್ನ ಮಳೆ ನಿಂತ ತಕ್ಷಣ ತೀರ್ಮಾನ ಮಾಡ್ಬೇಕು, ಉಪಗ್ರಹ ಮತ್ತೆ ಅದೇ ಜಾಗಕ್ಕೆ ಬರೋ 12 ದಿನ ಬಿಟ್ಟಲ್ಲ.

ಹಾಗಾಗಿ ನಾಲ್ಕು ತಾಕಿಗೆ ನಾಲ್ಕು ಲೋರಾ (ಕಮ್ಮಿ ಶಕ್ತಿಯಲ್ಲೇ ದೂರ ತಲುಪೋ ರೇಡಿಯೋ) ಮಳೆಮಾಪಕ, ಬಂಗಲೆಯಲ್ಲಿ ಒಂದು ರಿಸೀವರ್, ಇಷ್ಟು ಯೋಚನೆ. ತೋಟದೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ರೇಡಿಯೋ ಯಾವುದು, ಬ್ಯಾಟರಿ ಯಾವುದು, ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಇಲ್ಲದಾಗ ಸೋಲಾರ್ ಪ್ಯಾನೆಲ್ ಎಷ್ಟು ದೊಡ್ಡದು ಬೇಕು, ಬಲ್ಲವರು ಹೇಳಿ.

ಸಾಲಗಾಮೆ_ಸಿಗ್ನಲ್
ಮೊದಲು ಉಪಗ್ರಹದ ವಿಷಯ. ಎಲ್ ಬ್ಯಾಂಡಿನ ತರಂಗ ಸುಮಾರು 24 ಸೆಂ.ಮೀ. ಉದ್ದ, ಎಲೆ ತೂರಿ ಸ್ವಲ್ಪ ಒಳಗೆ ಹೋಗುತ್ತೆ ನಿಜ. ಆದ್ರೆ ಕಾಫಿ ತೋಟದಲ್ಲಿ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಅದರ ಕೆಳಗೆ ಕಾಫಿ, ಅದರ ಕೆಳಗೆ ತರಗೆಲೆ. ವಾಪಸ್ ಬರೋ ಸಿಗ್ನಲ್‌ನಲ್ಲಿ ಮರಗಿಡಗಳ ಪಾಲೇ ಹೆಚ್ಚು, ಮಣ್ಣಿನದು ಕಮ್ಮಿ. ಜೊತೆಗೆ ಇಳಿಜಾರು, ಗುಡ್ಡದ ಯಾವ ಮುಖಕ್ಕೆ ರೇಡಾರ್ ಬಿತ್ತು ಅನ್ನೋದ್ರ ಮೇಲೆ ಸಿಗ್ನಲ್ಲೇ ಬದಲಾಗುತ್ತೆ. ಕಡೂರು, ಅರಸೀಕೆರೆ ಕಡೆಯ ಬಯಲು ಹೊಲಕ್ಕೆ ಇದರ ಉಪಯೋಗ ಚೆನ್ನಾಗಿರುತ್ತೆ, ಮಲೆನಾಡಿನ ನೆರಳಿನ ತೋಟಕ್ಕೆ ಅಷ್ಟಿಲ್ಲ.

ಇನ್ನೊಂದು. ನಿಸಾರನ್ನ ಹಾಸನದ ಎಂಸಿಎಫ್‌ನಿಂದ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನಡೆಸ್ತಾರೆ ಅಂತ ಕೆಲವರು ಅಂದ್ಕೊಂಡಿದ್ದಾರೆ. 1982ರಿಂದ ಎಂಸಿಎಫ್ ನೋಡ್ಕೊಳ್ಳೋದು 36,000 ಕಿ.ಮೀ. ಎತ್ತರದ ಭೂಸ್ಥಿರ, ಭೂಸಮಕಾಲಿಕ ಉಪಗ್ರಹಗಳನ್ನ. ನಿಸಾರ್ ಇರೋದು 747 ಕಿ.ಮೀ.ನಲ್ಲಿ, ಅದು ಇಸ್ರೋದ್ದೇ ಇನ್ನೊಂದು ಕೇಂದ್ರ, ಬೆಂಗಳೂರಿನ ಇಸ್ಟ್ರಾಕ್ ಕೆಲಸ. ಹಾಸನದ ಕೈಯಲ್ಲಿರೋ ಹವಾಮಾನದ ಉಪಗ್ರಹ ಅಂದ್ರೆ ಇನ್ಸಾಟ್-3ಡಿಎಸ್ ಥರದ್ದು, 2024ರ ಫೆಬ್ರವರಿ 17ರಂದು ಹಾರಿದ್ದು. ಅದರ ಇನ್‌ಫ್ರಾರೆಡ್ ಚಿತ್ರದಲ್ಲಿ ಒಂದು ಚುಕ್ಕೆ ಅಂದ್ರೆ 4 ಕಿ.ಮೀ. ಚೌಕ, ನಿಮ್ಮ ನಾಲ್ಕೂ ತಾಕು ಆ ಒಂದು ಚುಕ್ಕೆಯೊಳಗೆ ಮುಗೀತು. ಅದೂ ಅಲ್ದೆ ಇನ್‌ಫ್ರಾರೆಡ್ ನೋಡೋದು ಮೋಡದ ತಲೆ ಎಷ್ಟು ತಣ್ಣಗಿದೆ ಅಂತ. ಘಟ್ಟದ ಮುಂಗಾರು ಮಳೆ ಬಹಳ ಸಲ ತಗ್ಗಿನ ಬೆಚ್ಚಗಿನ ಮೋಡದಿಂದಲೇ ಜಡಿಯುತ್ತೆ, ಉಪಗ್ರಹದ ಅಂದಾಜು ಅಲ್ಲಿ ಕಮ್ಮಿ ತೋರಿಸುತ್ತೆ.

ಕೆಎಸ್‌ಎನ್‌ಡಿಎಂಸಿಯವರು (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಇಟ್ಟಿರೋ ಮಳೆಮಾಪಕದ ಅಂಕಿ ಹೋಲಿಕೆಗೆ ಬಹಳ ಒಳ್ಳೇದು. ಆದ್ರೆ ಅದಕ್ಕೂ ನಿಮ್ಮ ತೋಟಕ್ಕೂ ನಡುವೆ ಒಂದು ಗುಡ್ಡ ಇದ್ರೆ ಮಳೆ ಬೇರೆ, ಲೆಕ್ಕ ಬೇರೆ. ಸ್ವಂತ ಮಾಪಕ ಇಡಿ.

ಹೊಸ_ಕಾಫಿ
ಸೆಂಟ್ ಅಂದ್ರೆ ಜಾಗದ ಸೆಂಟಾ? ಬಯಲುಸೀಮೆಯವರಿಗೆ ಅರ್ಥ ಆಗ್ಲಿಲ್ಲ.

ಬಾಳೆಹೊನ್ನೂರು_ಬಾನು
ಮಳೆಯ ಸೆಂಟ್ ಮಾರಾಯ್ರೇ. ಒಂದು ಇಂಚಿಗೆ 100 ಸೆಂಟ್, ಒಂದು ಸೆಂಟ್ ಅಂದ್ರೆ 0.254 ಮಿ.ಮೀ. ತೋಟಗಳ ಮಳೆಪುಸ್ತಕ ಎಲ್ಲ ಹಾಗೇ ಬರ್ಕೊಂಡು ಬಂದಿರೋದು. ಹೊಸ ಯಂತ್ರ ಮಿ.ಮೀ.ನಲ್ಲಿ ಅಳೆದ್ರೂ ಪರದೆ ಮೇಲೆ ಇಂಚು-ಸೆಂಟ್ ತೋರ್ಸಿ. ಇಲ್ದಿದ್ರೆ ರೈಟ್ರು (ತೋಟದ ಗುಮಾಸ್ತರು) ಹಳೇ ಪುಸ್ತಕದ ಜೊತೆ ತಾಳೆ ನೋಡೋದೇ ಬಿಟ್ಬಿಡ್ತಾರೆ.

ಆಲ್ದೂರು_ಆಂಟೆನಾ
ರೇಡಿಯೋ ಬಗ್ಗೆ. ಲೈಸೆನ್ಸ್ ಬೇಡದ ಪಟ್ಟಿ ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್. ಟ್ರಾನ್ಸ್‌ಮಿಟರ್ 1 ವ್ಯಾಟ್ ಮೀರಬಾರದು, ಕ್ಯಾರಿಯರ್ ಅಗಲ 200 ಕಿಲೋಹರ್ಟ್ಸ್ ಒಳಗಿರಬೇಕು. ಹಾಗಾಗಿ ಬ್ಯಾಂಡ್‌ವಿಡ್ತ್ 125ಕ್ಕೆ ಇಡಿ, 250 ಬೇಡ. ಅಂಗಡಿಯಲ್ಲಿ 433, 868, 915 ಅಂತ ಮೂರು ಥರ ಮಾಡ್ಯೂಲ್ ಸಿಗುತ್ತೆ, ನಮಗೆ ಬೇಕಾದ್ದು 868 ಅಂತ ಬರೆದಿರೋದು. 915ರ ಬೋರ್ಡಿಗೂ ಸಾಫ್ಟ್‌ವೇರಲ್ಲಿ 865.0625 ಹಾಕಿದ್ರೆ ಕೆಲಸ ಮಾಡಿದ ಹಾಗೇ ಕಾಣುತ್ತೆ, ಆದ್ರೆ ಆಂಟೆನಾ ಅದಕ್ಕೆ ಹೊಂದಿರಲ್ಲ, ತಲುಪೋ ದೂರ ಕಮ್ಮಿ ಆಗುತ್ತೆ.

ರೇಡಿಯೋ ಚಿಪ್ ಎಸ್‌ಎಕ್ಸ್1262 ತಗೊಳ್ಳಿ. ಎಸ್‌ಎಕ್ಸ್1276 ಕೈಯಲ್ಲಿದ್ರೆ ಅದೂ ನಡೆಯುತ್ತೆ. ಆಂಟೆನಾ ಹಾಕದೆ ಯಾವತ್ತೂ ಟ್ರಾನ್ಸ್‌ಮಿಟ್ ಮಾಡ್ಬೇಡಿ, ಪವರ್ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಸುಟ್ಟ ಮೇಲೂ ಚಿಪ್ ಎಲ್ಲ ಸರಿ ಇದೆ ಅಂತಲೇ ಉತ್ತರ ಕೊಡ್ತಿರುತ್ತೆ, ಹತ್ತು ಮೀಟರಿನಾಚೆ ಏನೂ ಕೇಳ್ಸಲ್ಲ. ಹೊಸಬರು ದಿನಗಟ್ಟಲೆ ಕೋಡ್ ಹುಡುಕೋದು ಇಲ್ಲೇ.

ಆಂಟೆನಾ ಕೈಯಲ್ಲೇ ಮಾಡಬಹುದು. ಕಾಲು ತರಂಗ ಅಂದ್ರೆ 8.2 ಸೆಂ.ಮೀ. ತಾಮ್ರದ ತಂತಿ ನೆಟ್ಟಗೆ, ಕೆಳಗೆ ಸ್ವಲ್ಪ ಉದ್ದದ ನಾಲ್ಕು ತಂತಿ 45 ಡಿಗ್ರಿ ಬಗ್ಗಿಸಿ. ಮರದ ಕಾಂಡಕ್ಕೆ ಅಂಟಿಸಿ ಕಟ್ಟಬೇಡಿ, ಒಂದು ಮೊಳ ಆದ್ರೂ ಹೊರಗೆ ಇರಲಿ. ಆರ್‌ಜಿ58 ಕೇಬಲ್ ಈ ಫ್ರೀಕ್ವೆನ್ಸಿಗೆ ಮೀಟರಿಗೆ ಹತ್ತಿರ ಹತ್ತಿರ ಅರ್ಧ ಡೆಸಿಬೆಲ್ ನುಂಗುತ್ತೆ. 10 ಮೀಟರ್ ಎಳೆದ್ರೆ ಮೂರರಲ್ಲಿ ಎರಡು ಪಾಲು ಶಕ್ತಿ ಕೇಬಲಲ್ಲೇ ಹೋಯ್ತು. ಅದಕ್ಕೆ ರೇಡಿಯೋ ಪೆಟ್ಟಿಗೇನೇ ಆಂಟೆನಾ ಬುಡದಲ್ಲಿ ಇಟ್ಟು, ಮಾಪಕದಿಂದ ಬರೋ ರೀಡ್ ಸ್ವಿಚ್ಚಿನ (ಒಳಗಿನ ಪುಟ್ಟ ಬಕೆಟ್ ತುಂಬಿ ಮಗುಚಿದಾಗೆಲ್ಲ ಒಂದು ಸಲ ಮುಚ್ಚೋ ಸ್ವಿಚ್) ತಂತಿಯನ್ನ ಮಾತ್ರ ಉದ್ದ ಎಳೀರಿ.

ಒದ್ದೆ ಎಲೆ ಈ ಸಿಗ್ನಲನ್ನ ಚೆನ್ನಾಗಿ ಹೀರುತ್ತೆ. ಜನವರಿಯಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಆದ್ಮೇಲೆ ಪರೀಕ್ಷೆ ಮಾಡಿ ಎಲ್ಲ ಸರಿ ಅಂದ್ಕೊಂಡ್ರೆ ಜುಲೈನಲ್ಲಿ ಕೊನೆಯ ನೋಡ್ (ಮಾಪಕ-ರೇಡಿಯೋ ಇರೋ ಪೆಟ್ಟಿಗೆ) ಮೌನ ಆಗುತ್ತೆ. ಒಣಗಿದ ದಿನ 10 ಡೆಸಿಬೆಲ್ ಮಿಗೋ ಹಾಗೆ ನೋಡ್ಕೊಳ್ಳಿ. ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್‌ಎಫ್, ಸಂದೇಶವನ್ನ ಎಷ್ಟು ನಿಧಾನ ಕಳಿಸ್ಬೇಕು ಅನ್ನೋ ಸೆಟ್ಟಿಂಗ್) ಒಂದು ಮೆಟ್ಟಿಲು ಏರಿಸಿದ್ರೆ ಸುಮಾರು 2.5 ಡೆಸಿಬೆಲ್ ಸಿಗುತ್ತೆ, ಪ್ರಸಾರದ ಸಮಯ ಹೆಚ್ಚೂಕಮ್ಮಿ ದುಪ್ಪಟ್ಟಾಗುತ್ತೆ. 12 ಬೈಟ್ ಸಂದೇಶಕ್ಕೆ ಎಸ್‌ಎಫ್7ರಲ್ಲಿ 41 ಮಿಲಿಸೆಕೆಂಡ್, ಎಸ್‌ಎಫ್10ರಲ್ಲಿ 290, ಎಸ್‌ಎಫ್12ರಲ್ಲಿ 1,150. ಎಸ್‌ಎಫ್10ರಿಂದ ಶುರು ಮಾಡಿ. ನಡುವೆ ಗುಡ್ಡವೇ ಅಡ್ಡ ಬಂದ್ರೆ ಎಸ್‌ಎಫ್12 ಕೂಡ ನೆಚ್ಚೋ ಹಾಗಿಲ್ಲ, ಗುಡ್ಡದ ನೆತ್ತಿ ಮೇಲೆ ಒಂದು ರಿಪೀಟರ್ (ಸಂದೇಶ ಕೇಳಿ ಮುಂದೆ ದಾಟಿಸೋ ರೇಡಿಯೋ) ಬೇಕೇ ಬೇಕು.

ಬೆಸುಗೆ_ಸಕಲೇಶಪುರ
ಪ್ಯಾನೆಲ್ ಎಷ್ಟು ದೊಡ್ಡದು ಅಂತ ಕೇಳಿದ್ರಲ್ಲ ಅಣ್ಣ, ಪ್ಯಾನೆಲ್ಲೇ ಬೇಡ. ಲೆಕ್ಕ ನೋಡಿ.

ಪ್ರತಿ 15 ನಿಮಿಷಕ್ಕೊಂದು ಸಂದೇಶ ಅಂದ್ರೆ ದಿನಕ್ಕೆ 96. ಒಂದೊಂದೂ 0.29 ಸೆಕೆಂಡ್, 120 ಮಿಲಿಆಂಪ್. ದಿನಕ್ಕೆ 0.93 ಮಿಲಿಆಂಪ್ ಅವರ್. ಪ್ರತಿ ಸಲ ಇಎಸ್‌ಪಿ32 (ಎಲ್ಲ ನಡೆಸೋ ಪುಟ್ಟ ಕಂಪ್ಯೂಟರ್ ಚಿಪ್) ಎದ್ದು ಅರ್ಧ ಸೆಕೆಂಡ್ 40 ಮಿಲಿಆಂಪ್ ತಿಂದ್ರೆ ಇನ್ನೊಂದು 0.53. ಮಲಗಿದ್ದಾಗ ಇಡೀ ಬೋರ್ಡ್ 20 ಮೈಕ್ರೋಆಂಪ್ ಅಂದ್ಕೊಳ್ಳಿ, ಅದು 0.48. ಎಲ್ಲ ಸೇರಿ ದಿನಕ್ಕೆ 2 ಮಿಲಿಆಂಪ್ ಅವರ್. 32700 ಅಳತೆಯ ಒಂದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ 6,000 ಮಿಲಿಆಂಪ್ ಅವರ್. ಸೆಲ್ ತನ್ನಷ್ಟಕ್ಕೆ ತಾನೇ ತಿಂಗಳಿಗೆ ಶೇ. 2–3 ಇಳಿಯುತ್ತೆ, ಅದೇ ನಿಮ್ಮ ಸರ್ಕ್ಯೂಟಿಗಿಂತ ಜಾಸ್ತಿ ತಿನ್ನುತ್ತೆ. ಎರಡು ವರ್ಷ ಆರಾಮ. ವರ್ಷಕ್ಕೊಂದು ಸಲ ಏಪ್ರಿಲ್‌ನಲ್ಲಿ ಬಿಚ್ಚಿ ಮನೆಯಲ್ಲಿ ಚಾರ್ಜ್ ಮಾಡಿ ಹಾಕಿದ್ರೆ ಮುಗೀತು. ಪ್ಯಾನೆಲ್ ಇಲ್ಲ ಅಂದ್ರೆ ಪೆಟ್ಟಿಗೆಗೆ ಒಂದು ತೂತು ಕಮ್ಮಿ, ಕಳ್ಳರ ಕಣ್ಣಿಗೂ ಕಮ್ಮಿ.

ಈ ಲೆಕ್ಕ ಕೆಡೋದು ಮೂರು ಕಡೆ. ಒಂದು, ಸಾಮಾನ್ಯ ಡೆವಲಪ್‌ಮೆಂಟ್ ಬೋರ್ಡ್. ಅದರ ಮೇಲಿರೋ ಎಎಂಎಸ್1117 ರೆಗ್ಯುಲೇಟರ್ ಸುಮ್ಮನೆ ಕೂತೇ 5 ಮಿಲಿಆಂಪ್ ತಿನ್ನುತ್ತೆ, ಯುಎಸ್‌ಬಿ ಚಿಪ್ಪು, ಕೆಂಪು ಎಲ್‌ಇಡಿ ಸೇರಿ 10 ಮುಟ್ಟುತ್ತೆ. ದಿನಕ್ಕೆ 240. ಅದೇ 6,000ದ ಸೆಲ್ 25 ದಿನಕ್ಕೆ ಖಾಲಿ. ಎರಡು, ಎಸ್‌ಎಕ್ಸ್1276ಕ್ಕೆ ಸ್ಲೀಪ್ ಆಜ್ಞೆ ಕೊಡದೆ ಇಎಸ್‌ಪಿ32 ಒಂದನ್ನೇ ಮಲಗಿಸೋದು. ರೇಡಿಯೋ ಸ್ಟ್ಯಾಂಡ್‌ಬೈನಲ್ಲಿ 1.6 ಮಿಲಿಆಂಪ್ ಕುಡೀತಾ ಇರುತ್ತೆ. ಮೂರು, ರೀಡ್ ಸ್ವಿಚ್. ಬಕೆಟ್ ನಡುವೆ ನಿಂತು ಸ್ವಿಚ್ ಮುಚ್ಚೇ ಇದ್ರೆ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರಿನಲ್ಲಿ 330 ಮೈಕ್ರೋಆಂಪ್ ಸೋರುತ್ತೆ. 1 ಮೆಗಾಓಮ್ ಹಾಕಿದ್ರೆ 3.3 ಮಾತ್ರ. ಸ್ವಿಚ್ಚಿಗೆ ಅಡ್ಡ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇರಲಿ. ಬಕೆಟ್ ಮಗುಚಿದಾಗ ಎಚ್ಚರ ಆಗೋದಕ್ಕೆ ಹೊರಗಿನ ಇಂಟರಪ್ಟ್, ಎಣಿಕೆ ಮಲಗಿದ್ದಾಗಲೂ ಅಳಿಸದ ಆರ್‌ಟಿಸಿ ಮೆಮೊರಿಯಲ್ಲಿ.

ಎಲ್‌ಎಫ್‌ಪಿ ಯಾಕೆ ಅಂದ್ರೆ ಅದರ ವೋಲ್ಟೇಜ್ 3.2–3.3ರಲ್ಲೇ ನಿಂತಿರುತ್ತೆ, ರೆಗ್ಯುಲೇಟರ್ ಇಲ್ಲದೆ ಇಎಸ್‌ಪಿ32ಕ್ಕೆ ನೇರ ಕೊಡಬಹುದು. ಚಿಪ್ಪಿನ ಮಿತಿ 3.6, ಹಾಗಾಗಿ ಸೆಲ್ಲನ್ನ 3.5ಕ್ಕೆ ನಿಲ್ಲಿಸಿ ಹಾಕಿ. ಟಿಪಿ4056 ಚಾರ್ಜರ್ ಇದಕ್ಕೆ ಬಳಸ್ಲೇಬೇಡಿ, ಅದು 4.2 ವೋಲ್ಟಿಗೆ ಒಯ್ಯುತ್ತೆ. ಟಿಪಿ5000 ತಗೊಂಡು 3.6ರ ಸೆಟ್ಟಿಂಗ್ ಮಾಡ್ಕೊಳ್ಳಿ, ಸೆಲ್ 3.5 ತೋರಿಸಿದಾಗ ಕೈಯಲ್ಲೇ ತೆಗೀರಿ.

ಹೊಸ_ಕಾಫಿ
20 ಮೈಕ್ರೋಆಂಪ್ ಇದೆಯೋ ಇಲ್ವೋ ಅಂತ ಮಾಮೂಲಿ ಮಲ್ಟಿಮೀಟರಲ್ಲಿ ನೋಡೋಕಾಗುತ್ತಾ? ಮೈಕ್ರೋಆಂಪ್ ರೇಂಜಿಗೆ ಇಟ್ಟ ಕೂಡ್ಲೇ ಬೋರ್ಡ್ ರೀಸೆಟ್ ಆಗ್ತಾನೇ ಇರುತ್ತಂತೆ.

ಬೆಸುಗೆ_ಸಕಲೇಶಪುರ
ಆಗುತ್ತೆ ಕಣಣ್ಣ. ಆ ರೇಂಜಲ್ಲಿ ಮೀಟರಿನ ಒಳಗೆ ದೊಡ್ಡ ರೆಸಿಸ್ಟರ್ ಇರುತ್ತೆ, ಏಳುವಾಗಿನ 40 ಮಿಲಿಆಂಪ್ ಅದರ ಮೂಲಕ ಹಾಯಲ್ಲ, ವೋಲ್ಟೇಜ್ ಕುಸೀತು, ಬೋರ್ಡ್ ಮತ್ತೆ ಶುರು. ಮೀಟರಿನ ಎರಡು ತುದಿಗೆ ಒಂದು ತಂತಿ ಶಾರ್ಟ್ ಮಾಡಿಟ್ಟು ಬೋರ್ಡ್ ಆನ್ ಮಾಡಿ. ಮಲಗಿದ ಮೇಲೆ ತಂತಿ ಬಿಡಿಸಿ ಓದಿ. ಮತ್ತೆ ಏಳೋದ್ರೊಳಗೆ ಶಾರ್ಟ್ ಮಾಡಿ. ಪರೀಕ್ಷೆಗೆ ನಿದ್ದೆಯ ಅವಧಿ 2 ನಿಮಿಷ ಇಟ್ಕೊಂಡ್ರೆ ಆರಾಮಾಗಿ ನೋಡಬಹುದು.

ಬೇಲೂರು_ಕೋಡ್
ಸೋಡಿಯಂ-ಅಯಾನ್ ಸೆಲ್ ಸುದ್ದಿ ನೋಡಿ ಅದನ್ನೇ ಹಾಕೋಣ ಅಂತ ಯಾರಾದ್ರೂ ಕೇಳೋ ಮುಂಚೆ ಹೇಳ್ತೀನಿ: ಒಳ್ಳೇ ಸೆಲ್ಲೇ, ಈ ಕೆಲಸಕ್ಕಲ್ಲ. ಅದರ ವೋಲ್ಟೇಜ್ 4ರ ಹತ್ರದಿಂದ 1.5ರ ತನಕ ಇಳಿಜಾರಲ್ಲಿ ಇಳಿಯುತ್ತೆ, ನೇರ ಕೊಡೋಕಾಗಲ್ಲ, ಏರಿಸೋ-ಇಳಿಸೋ ಪರಿವರ್ತಕ ಬೇಕು. ಕೊರೆಯೋ ಚಳಿಯಲ್ಲೂ ನಡೆಯುತ್ತೆ ಅನ್ನೋದು ಅದರ ದೊಡ್ಡ ಗುಣ, ಮುಳ್ಳಯ್ಯನಗಿರಿ ಮೇಲೂ ನಮಗೆ ಅದರ ಅಗತ್ಯ ಇಲ್ಲ.

ಬಾಳೆಹೊನ್ನೂರು_ಬಾನು
ರೇಡಿಯೋ, ಬ್ಯಾಟರಿ ಎಲ್ಲ ಸರಿ. ಮಾಪಕ ಸುಳ್ಳು ಹೇಳಿದ್ರೆ ಆ ಸುಳ್ಳನ್ನೇ ದೂರ ಕಳಿಸಿದ ಹಾಗಾಯ್ತು. ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಓದಿ.

ಆನ್‌ಲೈನಲ್ಲಿ ಸಿಗೋ ಸಣ್ಣ ಪ್ಲಾಸ್ಟಿಕ್ ಮಾಪಕದ ಬಾಯಿ ಸುಮಾರು 11 ಸೆಂ.ಮೀ.ಗೆ 5 ಸೆಂ.ಮೀ. ಒಂದು ಸಲ ಬಕೆಟ್ ಮಗುಚಿದ್ರೆ 0.2794 ಮಿ.ಮೀ., ಅಂದ್ರೆ ಒಂದೂವರೆ ಮಿಲಿಲೀಟರ್ ನೀರು. ಅಷ್ಟು ಸಣ್ಣ ಬಕೆಟಲ್ಲಿ ಎರಡು ಹನಿ ಅಂಟ್ಕೊಂಡು ನಿಂತ್ರೂ ಲೆಕ್ಕ ತಪ್ಪುತ್ತೆ. ಸಾಧ್ಯ ಆದ್ರೆ 200 ಮಿ.ಮೀ. ವ್ಯಾಸದ ಬಾಯಿ ಇರೋದು ತಗೊಳ್ಳಿ. ಅದರ ವಿಸ್ತೀರ್ಣ 314 ಚದರ ಸೆಂ.ಮೀ., 0.2 ಮಿ.ಮೀ.ಗೆ 6.28 ಮಿಲಿಲೀಟರ್.

ಪರೀಕ್ಷೆ ಹೀಗೆ. ಮಾಪಕವನ್ನ ರಸಮಟ್ಟದಲ್ಲಿ ಎರಡೂ ಕಡೆ ಸಮ ನೋಡಿ ಕೂರಿಸಿ. ನೀರಿನ ಬಾಟಲಿ ಮುಚ್ಚಳಕ್ಕೆ ಸೂಜಿಯಷ್ಟು ತೂತು, ಬುಡಕ್ಕೆ ಗಾಳಿ ಬರೋಕೆ ಇನ್ನೊಂದು. 314 ಮಿಲಿಲೀಟರ್ ಅಳೆದು ಹಾಕಿ, ತಲೆಕೆಳಗು ಮಾಡಿ ಬಾಯಿಯೊಳಗೆ ನಿಲ್ಸಿ. ಇದು 10 ಮಿ.ಮೀ. ಮಳೆ, ಬಕೆಟ್ 50 ಸಲ ಮಗುಚಬೇಕು. ಅರ್ಧ ಗಂಟೆಯಲ್ಲಿ ಇಳಿದ್ರೆ ಗಂಟೆಗೆ 20 ಮಿ.ಮೀ. ಬೀಳೋ ಮಳೆಗೆ ಸಮ. ಆಮೇಲೆ ತೂತು ದೊಡ್ಡದು ಮಾಡಿ ಅದೇ ನೀರನ್ನ 6 ನಿಮಿಷಕ್ಕೆ ಇಳಿಸಿ, ಅದು ಗಂಟೆಗೆ 100 ಮಿ.ಮೀ. ಎರಡನೇ ಸಲ ಎಣಿಕೆ ಕಮ್ಮಿ ಬಂದೇ ಬರುತ್ತೆ. ಯಾಕಂದ್ರೆ ಬಕೆಟ್ ಮಗುಚೋ ಆ ಅರೆಗಳಿಗೆಯಲ್ಲೂ ತುಂಬಿದ ಬಕೆಟಿಗೇ ನೀರು ಸುರೀತಿರುತ್ತೆ, ಅದು ಲೆಕ್ಕಕ್ಕೆ ಸಿಗಲ್ಲ. ಕೊಟ್ಟಿಗೆಹಾರದ ಕಡೆ ಜುಲೈ ಮಳೆಗೆ ಇದನ್ನ ಸರಿ ಮಾಡದಿದ್ರೆ ತಿಂಗಳ ಕೊನೆಗೆ ಇಂಚುಗಟ್ಟಲೆ ವ್ಯತ್ಯಾಸ.

ನಿಧಾನದ ಪರೀಕ್ಷೆಯಲ್ಲಿ 50ರ ಬದಲು 47 ಬಂದ್ರೆ ಬಕೆಟ್ ಕೆಳಗಿನ ಎರಡೂ ಸ್ಕ್ರೂ ಒಂದೇ ಸಮ ಸ್ವಲ್ಪ ಮೇಲೆ ತಿರುಗಿಸಿ, ಕಮ್ಮಿ ನೀರಿಗೇ ಮಗುಚುತ್ತೆ. ಒಂದೇ ಸ್ಕ್ರೂ ಮುಟ್ಟಿದ್ರೆ ಎಡ-ಬಲ ಬಕೆಟ್ ಬೇರೆ ಬೇರೆ ಅಳತೆ ಆಗುತ್ತೆ. ಜೋರು ಮಳೆಯ ಕೊರತೆಯನ್ನ ಸ್ಕ್ರೂನಲ್ಲಿ ಸರಿ ಮಾಡೋಕೆ ಹೋಗ್ಬೇಡಿ, ಅದು ರಿಸೀವರ್ ಕಡೆಯ ಲೆಕ್ಕದಲ್ಲಿ ಆಗಲಿ.

ಜಾಗ: ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬೇಕು ಅನ್ನೋದು ನಿಯಮ. ತೋಟದೊಳಗೆ ಅದು ಆಗದ ಮಾತು. ಕಣ, ಕೆರೆ ಏರಿ, ಹೊಸದಾಗಿ ಗಿಡ ಹಾಕಿದ ತಾಕು, ಇಂಥ ಕಡೆ ನೋಡಿ. ಮರದಡಿ ಇಟ್ರೆ ಮಳೆ ನಿಂತ ಮೇಲೂ ಒಂದು ಗಂಟೆ ಹನಿ ಬೀಳುತ್ತೆ, ಸಿಲ್ವರ್ ಓಕ್ ಎಲೆ ಬಾಯಿ ಕಟ್ಟುತ್ತೆ. ಬಾಯಿ ಕಟ್ಟಿದ್ದು ತಿಳಿಯೋದು ಸುಲಭ: ಮಳೆ ನಿಂತ ಎಷ್ಟೋ ಹೊತ್ತಿನ ಮೇಲೂ ಒಂದೇ ಸಮನೆ, ಒಂದೇ ಅಂತರದಲ್ಲಿ ಬಕೆಟ್ ಮಗುಚ್ತಾ ಇದ್ರೆ ಒಳಗೆ ನೀರು ನಿಂತು ಸೋರ್ತಿದೆ ಅಂತ ಅರ್ಥ. ಬಾಯಿಗೆ ಸ್ಟೀಲ್ ಜರಡಿ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈ ಆಡ್ಸಿ.

ಒಂದು ಕಡೆ ಆದ್ರೂ ಪಕ್ಕದಲ್ಲಿ ಮಾಮೂಲಿ ಕೈ ಅಳತೆಯ ಮಾಪಕ ಇರಲಿ. ಹವಾಮಾನ ಇಲಾಖೆಯ ಲೆಕ್ಕದ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30. ನೀವೂ ಅದೇ ಹೊತ್ತಿಗೆ ಓದಿ.

ಸಾಲಗಾಮೆ_ಸಿಗ್ನಲ್
ಸಿಡಿಲಿನ ಮಾತು ಯಾರೂ ಎತ್ತಲಿಲ್ಲ. ಏಪ್ರಿಲ್-ಮೇ ಗುಡುಗಿನ ಮಳೆಗೆ ತೋಟದ ನೋಡಿಗಿಂತ ಮನೆಯ ರಿಸೀವರೇ ಮೊದಲು ಹೋಗೋದು. ನೋಡಿಗೆ ಎಲ್ಲಿಂದಲೂ ತಂತಿ ಬಂದಿಲ್ಲ, ಒಂಟಿಯಾಗಿದೆ. ರಿಸೀವರಿಗೆ ಕರೆಂಟ್ ಲೈನ್, ಆಂಟೆನಾ, ಇಂಟರ್ನೆಟ್, ಮೂರು ದಾರಿ. ಫೈಬರಲ್ಲಿ ಕರೆಂಟ್ ಹರಿಯಲ್ಲ, ಆದ್ರೆ ಕಂಬದಿಂದ ಬರೋ ಕೇಬಲ್ ಜೊತೆ ಬಿಗಿಗೆ ಉಕ್ಕಿನ ತಂತಿ ಇರುತ್ತೆ. ಅದನ್ನ ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು. ಆಂಟೆನಾ ಕೇಬಲಿಗೆ ಮನೆಗೆ ಬರೋ ಜಾಗದಲ್ಲಿ ಗ್ಯಾಸ್ ಟ್ಯೂಬ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನ ಅರ್ತಿಗೆ ಇಳಿಸೋದು) ಹಾಕಿ, ಅದರ ಅರ್ತ್ ಮತ್ತು ಮನೆಯ ಅರ್ತ್ ಎರಡನ್ನೂ ದಪ್ಪ ತಾಮ್ರದಿಂದ ಜೋಡಿಸಿ. ಬೇರೆ ಬೇರೆ ಬಿಟ್ರೆ ಎರಡರ ನಡುವಿನ ವೋಲ್ಟೇಜ್ ನಿಮ್ಮ ರಿಸೀವರ್ ಮೂಲಕವೇ ಹಾಯುತ್ತೆ. ನೇರ ಹೊಡೆತಕ್ಕೆ ಇದ್ಯಾವುದೂ ತಡೆಯಲ್ಲ. ಆಂಟೆನಾವನ್ನ ಸುತ್ತಲಿನ ಅತಿ ಎತ್ತರದ ಮರದ ತುದಿಗೆ ಕಟ್ಟಬೇಡಿ. ಗುಡುಗು ಶುರುವಾದ್ಮೇಲೆ ಯಾರನ್ನೂ ಏಣಿ ಹತ್ತಿಸಬೇಡಿ. ಪುಣೆಯ ಐಐಟಿಎಂನವರ ದಾಮಿನಿ ಆ್ಯಪ್ ನೋಡ್ಕೊಂಡು ಕೆಲಸ ಇಟ್ಕೊಳ್ಳಿ.

ಆಲ್ದೂರು_ಆಂಟೆನಾ
ಪೆಟ್ಟಿಗೆ ಬಗ್ಗೆ ಎರಡು ಮಾತು. ಸಂದಿ ಮುಚ್ಚೋಕೆ ಹುಳಿ ವಾಸನೆ ಬರೋ ಸಿಲಿಕೋನ್ ತರಬೇಡಿ, ಅದರಿಂದ ಹೊರಬರೋ ಅಸಿಟಿಕ್ ಆಮ್ಲ ಮುಚ್ಚಿದ ಪೆಟ್ಟಿಗೆಯೊಳಗೆ ತಾಮ್ರವನ್ನ ಹಸಿರು ಮಾಡುತ್ತೆ. ನ್ಯೂಟ್ರಲ್ ಕ್ಯೂರ್ ಅಂತ ಕೇಳಿ. ಕೇಬಲ್ ಗ್ಲ್ಯಾಂಡ್ ಕೆಳಮುಖ ಇರಲಿ, ತಂತಿ ಒಳಗೆ ಹೋಗೋ ಮುಂಚೆ ಕೆಳಗೊಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ. ಪೂರ್ತಿ ಗಾಳಿ ಆಡದ ಪೆಟ್ಟಿಗೆ ಹಗಲು ಕಾದು ರಾತ್ರಿ ತಣಿದಾಗ ತೇವ ಒಳಗೆ ಎಳ್ಕೊಳ್ಳುತ್ತೆ. ಗಾಳಿ ಬಿಟ್ಟು ನೀರು ಬಿಡದ ವೆಂಟ್ ಪ್ಲಗ್ ಸಿಗುತ್ತೆ, ತಳಕ್ಕೆ ಒಂದು ಹಾಕಿ. ಬೋರ್ಡಿಗೆ ತೇವ ತಡೆಯೋ ಕನ್ಫಾರ್ಮಲ್ ಕೋಟಿಂಗ್ ಬಳೀರಿ, ಆಂಟೆನಾ ಕನೆಕ್ಟರಿಗೆ ತಾಗಬಾರದು. ಇರುವೆಗೆ ಕಂಬದ ಸುತ್ತ ಒಂದು ಗೇಣು ಅಗಲ ಗ್ರೀಸ್. ಮಾಪಕದ ಒಳಗೆ ಜೇಡ ಬಲೆ ಕಟ್ಟಿದ್ರೆ ಬಕೆಟ್ ಅಲ್ಲಾಡಲ್ಲ, ನೀರು ಹೋಗೋ ತೂತುಗಳಿಗೂ ಸಣ್ಣ ಜಾಲರಿ ಬೇಕು. ಆನೆ ದಾರಿಯಲ್ಲಿ ಕಂಬ ನೆಡಬೇಡಿ, ಆಲೂರು-ಸಕಲೇಶಪುರ ಕಡೆಯವರಿಗೆ ಹೇಳೋದೇ ಬೇಡ.

ಬೇಲೂರು_ಕೋಡ್
ಸಂದೇಶದಲ್ಲಿ ಏನು ಕಳಿಸ್ಬೇಕು ಅನ್ನೋದು ಮುಖ್ಯ. "ಕಳೆದ 15 ನಿಮಿಷದಲ್ಲಿ 6 ಸಲ" ಅಂತ ಕಳಿಸಿ ಆ ಸಂದೇಶ ದಾರಿಯಲ್ಲಿ ತಪ್ಪಿದ್ರೆ ಅಷ್ಟು ಮಳೆ ಲೆಕ್ಕದಿಂದಲೇ ಹೋಯ್ತು. ಮೊದಲಿಂದ ಇಲ್ಲಿವರೆಗಿನ ಒಟ್ಟು ಎಣಿಕೆ ಕಳಿಸಿ. ಮುಂದಿನ ಸಂದೇಶ ಬಂದಾಗ ಕಳೆದು ನೋಡಿದ್ರೆ ಎಲ್ಲ ಸಿಗುತ್ತೆ, ಯಾವ ಹೊತ್ತಿಗೆ ಬಿತ್ತು ಅನ್ನೋದು ಮಾತ್ರ ಸ್ವಲ್ಪ ಮಸುಕು. 16 ಬಿಟ್ ಎಣಿಕೆ 65,536ಕ್ಕೆ ಸೊನ್ನೆಗೆ ಬರುತ್ತೆ, ಅಂದ್ರೆ 13,107 ಮಿ.ಮೀ., ನಮ್ಮ ಯಾವ ತೋಟಕ್ಕೂ ಒಂದು ವರ್ಷಕ್ಕೆ ಸಾಕು. ಹೊಸ ಎಣಿಕೆ ಹಳೇದಕ್ಕಿಂತ ಕಮ್ಮಿ ಬಂದ್ರೆ ನೋಡ್ ರೀಸೆಟ್ ಆಗಿದೆ; ಅದನ್ನ ಮಳೆ ಅಂತ ಎಣಿಸದೆ ಎಚ್ಚರಿಕೆ ಕೊಡಬೇಕು. ಜೊತೆಗೆ ನೋಡಿನ ಸಂಖ್ಯೆ, ಸೆಲ್ ವೋಲ್ಟೇಜ್, ಸಂದೇಶದ ಸರಣಿ ಸಂಖ್ಯೆ ಸಾಕು, 12 ಬೈಟೊಳಗೆ ಮುಗಿಯುತ್ತೆ. ಎಲ್‌ಎಫ್‌ಪಿ ವೋಲ್ಟೇಜ್ ಕೊನೆ ತನಕ ಚಪ್ಪಟೆ ಇರೋದ್ರಿಂದ ಅದನ್ನ ನೋಡಿ ಎಷ್ಟು ಶೇಕಡಾ ಉಳಿದಿದೆ ಅಂತ ಹೇಳೋಕಾಗಲ್ಲ. 3.1 ತೋರ್ಸಿದ್ರೆ ಬದಲಾಯಿಸಿ, ಅಷ್ಟೇ.

ನಾಲ್ಕೂ ನೋಡ್ ಒಂದೇ ಹೊತ್ತಿಗೆ ಮಾತಾಡಿ ಡಿಕ್ಕಿ ಆಗದಂತೆ ಪ್ರತಿ ಸಲ 0ಯಿಂದ 20 ಸೆಕೆಂಡ್ ಒಳಗೆ ಒಂದು ಯಾದೃಚ್ಛಿಕ ವಿಳಂಬ ಇಡಿ, ಕಾಯೋ ಹೊತ್ತೂ ಮಲಗೇ ಇರಲಿ. ರಿಸೀವರಿಗೆ ರಾಸ್ಪ್‌ಬೆರಿ ಪೈ ಹಾಕೋದಾದ್ರೆ ಕರೆಂಟ್ ಹೋಗಿ ಬಂದು ಎಸ್‌ಡಿ ಕಾರ್ಡ್ ಕೆಡೋದೇ ದೊಡ್ಡ ರೋಗ. ಫೈಲ್ ಸಿಸ್ಟಮ್ಮನ್ನ ಓದೋದಕ್ಕೆ ಮಾತ್ರ ಅಂತ ಮಾಡಿ, ದತ್ತಾಂಶ ಬೇರೆ ಪೆನ್‌ಡ್ರೈವಿಗೆ ಬರೆಸಿ, ರೂಟರಿಗೆ ಹಾಕೋ ಸಣ್ಣ 12 ವೋಲ್ಟ್ ಯುಪಿಎಸ್‌ನಿಂದಲೇ ಇದಕ್ಕೂ 5 ವೋಲ್ಟ್ ಇಳಿಸಿ ಕೊಡಿ.

ಮೂಡಿಗೆರೆ_ಮಳೆಲೆಕ್ಕ
ಎಲ್ಲರಿಗೂ ಕೈ ಮುಗಿದೆ. 200 ಮಿ.ಮೀ. ಮಾಪಕ ನಾಲ್ಕು, 868ರ ಎಸ್‌ಎಕ್ಸ್1262, ಪ್ಯಾನೆಲ್ ಇಲ್ಲ, 32700 ಸೆಲ್. ಕೆಪ್ಯಾಸಿಟಿವ್ ಮಣ್ಣಿನ ತೇವದ ಸೆನ್ಸರ್ ಒಂದೊಂದು ಇದರ ಜೊತೆಗೇ ಸೇರಿಸಬಹುದಾ? ಅಗ್ಗಕ್ಕೆ ಸಿಗ್ತಿದೆ.

ಬೆಸುಗೆ_ಸಕಲೇಶಪುರ
ಸೇರಿಸಬಹುದು, ಮೂರು ಕೆಲಸ ಮಾಡಿ. ಅದರ ಬೋರ್ಡಿನ ಕತ್ತರಿಸಿದ ಅಂಚು ಬೆತ್ತಲೆ ಇರುತ್ತೆ, ಅಲ್ಲಿಂದ ನೀರು ಹೀರಿ ತಿಂಗಳೊಳಗೆ ಲೆಕ್ಕ ಜಾರುತ್ತೆ. ಅಂಚಿಗೂ ಮೇಲಿನ ಬಿಡಿಭಾಗಗಳಿಗೂ ಎಪಾಕ್ಸಿ ಎರಡು ಪದರ ಬಳೀರಿ. ಮೇಲಿರೋ ಟೈಮರ್ ಚಿಪ್ ಟಿಎಲ್‌ಸಿ555 ಹೌದಾ ನೋಡಿ, ಎನ್‌ಇ555 ಇದ್ರೆ 3.3 ವೋಲ್ಟಿಗೆ ಸರಿಯಾಗಿ ನಡೆಯಲ್ಲ. ವಿದ್ಯುತ್ತನ್ನ ಓದೋ ಹೊತ್ತಿಗೆ ಮಾತ್ರ ಒಂದು ಮಾಸ್‌ಫೆಟ್ (ಸ್ವಿಚ್ಚಿನ ಹಾಗೆ ಕೆಲಸ ಮಾಡೋ ಟ್ರಾನ್ಸಿಸ್ಟರ್) ಮೂಲಕ ಕೊಡಿ, ಇಲ್ದಿದ್ರೆ ಮೇಲಿನ 2 ಮಿಲಿಆಂಪ್ ಅವರ್ ಲೆಕ್ಕ ಮರೆತುಬಿಡಿ. ಅಳತೆ ಕೂರಿಸೋಕೆ ನಿಮ್ಮ ತಾಕಿನ ಮಣ್ಣನ್ನೇ ತಗೊಂಡು 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ತೂಗಿ. 15 ಮತ್ತು 30 ಸೆಂ.ಮೀ. ಆಳದಲ್ಲಿ ಒಂದೊಂದು ಹೂಳಿ, ಮಣ್ಣು ಗಟ್ಟಿ ಒತ್ತಿ, ನಡುವೆ ಗಾಳಿ ಉಳಿದ್ರೆ ಸದಾ ಒಣಗಿದೆ ಅಂತಲೇ ತೋರ್ಸುತ್ತೆ. ಮಾಪಕ ಒಂದು ತಿಂಗಳು ಸರಿಯಾಗಿ ಓಡಿದ ಮೇಲೆ ಇದಕ್ಕೆ ಕೈ ಹಾಕಿ ಅಣ್ಣ.